ಡಬ್ಬದ ತೂಕ ಕಳೆದು

ರುವಿಯ ಈ ಹೈಪರ್‌ಮಾರ್ಕೆಟ್ಟಿನಲ್ಲಿ
ಹತ್ತೊಂಬತ್ತು ವರ್ಷದಿಂದ ತೂಗುತ್ತಿದ್ದೇನೆ.
ಸಲಾಲದ ಬಾಳೆ, ಜಬಲ್ ಅಖ್ದರಿನ ದಾಳಿಂಬೆ,
ನಮ್ಮ ಕಡೆಯ ಕರಿಬೇವು,
ವಿಮಾನ ಹತ್ತಿದ್ದು ನನಗಿಂತ ಹೆಚ್ಚು ಸಲ.
ಬಿಲ್ಲೆಯಲ್ಲಿ ಹೆಸರು ಇದಿನಬ್ಬ; ಗಿರಾಕಿಗಳಿಗೆ ಭಾಯ್.
ಕೋಡು ನೋಡಬೇಕಿಲ್ಲ, ಬೆರಳಿಗೇ ಬಾಯಿಪಾಠ:
ಟೊಮೆಟೊ ನಲವತ್ತೊಂದು, ಬೆಂಡೆ ಅರವತ್ತಾರು.
ಚೀಟಿ ಹೊರಗೆ ಬರುತ್ತದೆ
ಡಾಕ್ಟರಿಗೆ ನಾಲಿಗೆ ಚಾಚಿದ ಹಾಗೆ.

ಮೊನ್ನೆ ರಾತ್ರಿ ಸಹಲಾ
ಸುಪ್ರದ ಅಂಚಿಗೆ ಒಂದು ಹಾಳೆ ಇಟ್ಟಳು.
ಪೌಷ್ಟಿಕಾಹಾರ ಪದವಿ. ನಾಲ್ಕು ವರ್ಷ.
ಕಾಲೇಜಿಗೆ ಇಷ್ಟು, ಲ್ಯಾಬಿಗೆ ಇಷ್ಟು, ಬಸ್ಸಿಗೆ ಇಷ್ಟು,
ಮುಗಿದ ಮೇಲೆ ಲೈಸೆನ್ಸ್ ಪರೀಕ್ಷೆಗೆ ಬೇರೆ.
"ಮಂಗಳೂರಲ್ಲಾದರೆ ಅರ್ಧ," ಎಂದಳು,
"ಹಾಸ್ಟೆಲ್ ಸೇರಿಸಿದರೆ ಮುಕ್ಕಾಲು."
ಅವಳ ತಾಯಿ ಬಂಗುಡೆಯ ಮುಳ್ಳು ಬಿಡಿಸುತ್ತಾ
"ತಿನ್ನುವುದನ್ನು ಕಲಿಯಲಿಕ್ಕೂ ಕಾಲೇಜಾ?" ಎಂದಳು.
ನಾನು ನಗಲಿಲ್ಲ. ನಗಬೇಕಿತ್ತೇನೋ.
ಹಾಳೆ ಮಡಚಿ ಸಮವಸ್ತ್ರದ ಜೇಬಿಗೆ ಹಾಕಿದೆ.

ಎರಡು ದಿನ ತೂಗಿದ್ದೆಲ್ಲ ಅದರ ಜೊತೆಗೇ.
ಒಂದು ವರ್ಷದ ಫೀಸೆಂದರೆ
ನನ್ನ ಏಳು ತಿಂಗಳ ಸಂಬಳ, ಬಾಡಿಗೆ ಕಟ್ಟದೆ,
ಅನ್ನ ಉಣ್ಣದೆ,
ಉಳ್ಳಾಲದ ಅಕ್ಕನಿಗೆ ಕಳಿಸದೆ.
ಕೊನೆಗೆ ಸಿಗುವ ಇಡಿಗಂಟು ಸೇರಿಸಿದರೆ
ಎರಡೂವರೆ ವರ್ಷಕ್ಕೆ ಸಾಕು;
ಆದರೆ ಅದು ಸಿಗಬೇಕಾದರೆ ಕೆಲಸ ಬಿಡಬೇಕು.
"ಭಾಯ್, ಇದು ಸೋರೆಕಾಯಿ ಅಲ್ಲ."
ಪಪಾಯಿಗೆ ಸೋರೆಯ ಚೀಟಿ ಅಂಟಿಸಿದ್ದೆ.

ಗುರುವಾರ ಕ್ಲಿನಿಕ್ಕಿಗೆ ಹೋದೆ.
ನನಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಪೂರ್ತಿ ಸುಳ್ಳಲ್ಲ.
ಡಯಟೀಷಿಯನ್ನಿನ ಕೋಣೆ ಇಕ್ಕಟ್ಟು,
ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಚಪಾತಿ, ಪ್ಲಾಸ್ಟಿಕ್ಕಿನ ಸೇಬು.
ಹನ್ನೆರಡು ರಿಯಾಲಿಗೆ ಇಪ್ಪತ್ತು ನಿಮಿಷ.
ಕೈ ಸುಮ್ಮನಿರಲಿಲ್ಲ: ನಿಮಿಷಕ್ಕೆ ಆರುನೂರು ಬೈಸ,
ಎರಡು ಕಿಲೋ ಈರುಳ್ಳಿ.
ಜಿನ್ಸಿ ಎಂದು ಹೆಸರು, ಕೊಟ್ಟಾಯಂ ಕಡೆಯವಳು,
ಅವಳ ಮಲಯಾಳ ನನ್ನ ಬ್ಯಾರಿ ಭಾಷೆಗೆ ಅರ್ಧದಾರಿ ಬಂತು.
"ರಾತ್ರಿ ಅನ್ನ ಎಷ್ಟು ಸೌಟು?" ಎಂದಳು.
"ನಿಮಗೆ ಸಂಬಳ ಎಷ್ಟು?" ಎಂದೆ.

ಪೆನ್ನು ಕೆಳಗಿಟ್ಟಳು. ಬಾಗಿಲ ಕಡೆ ನೋಡಿದಳು.
ಲೈಸೆನ್ಸ್ ಬರುವ ತನಕ ಎರಡು ವರ್ಷ
ಔಷಧಿ ಅಂಗಡಿಯಲ್ಲಿ ಪ್ರೋಟೀನ್ ಡಬ್ಬ ಮಾರಿದಳಂತೆ.
ಈಗ ಸಿಗುವುದು ನನ್ನ ಎರಡು ಪಟ್ಟು, ಚೂರು ಕಮ್ಮಿ.
ಊರಿನ ಬ್ಯಾಂಕಿನ ಸಾಲ ತೀರಲು ಇನ್ನೂ ಮೂರು ವರ್ಷ.
"ಇಲ್ಲಿಯ ಹುಡುಗಿಯರೂ ಕಲಿತು ಬರುತ್ತಿದ್ದಾರೆ.
ಅವರ ದೇಶ, ಅವರ ಕುರ್ಚಿ. ಸರಿಯೇ ಅಲ್ವಾ?"
ಮತ್ತೆ ಯಾಕೆ, ಎಂದೆ.
ಅದಕ್ಕೆ ಅವಳು ಹೇಳಿದ್ದು ಒಬ್ಬ ಕ್ರೇನ್ ಡ್ರೈವರಿನ ಕತೆ,
ಹೋದ ವರ್ಷ ಕಾಲ್ಬೆರಳು ತೆಗೆಯಬೇಕೆಂದಿದ್ದರಂತೆ;
ಕಳೆದ ವಾರ ಆ ಕಾಲಿಗೆ ಬೂಟು ಹಾಕಿ ಬಂದು
ಬಿಚ್ಚಿ, ಐದನ್ನೂ ಎಣಿಸಿ ತೋರಿಸಿ ಹೋದನಂತೆ.
ಆಮೇಲೆ ನನ್ನ ಚಹಾದ ಸಕ್ಕರೆ ಕೇಳಿದಳು.
ಒಂದು ಚಮಚ ಎಂದೆ.
ಎರಡು ಎಂದು ಬರೆದುಕೊಂಡಳು.

ತೂಕದ ಯಂತ್ರದಲ್ಲಿ ಟೇರ್ ಎಂಬ ಗುಂಡಿ ಇದೆ.
ಖಾಲಿ ಡಬ್ಬ ಇಟ್ಟು ಒತ್ತಿದರೆ ಸೊನ್ನೆ;
ಆಮೇಲೆ ತುಂಬಿದ್ದಕ್ಕಷ್ಟೇ ದುಡ್ಡು.
ಹೊಸ ಹುಡುಗರಿಗೆ ಮೊದಲ ದಿನ ಇದನ್ನೇ ಕಲಿಸುತ್ತೇನೆ:
ಡಬ್ಬಕ್ಕೆ ಬೆಲೆ ಹಿಡಿಯಬೇಡಿ,
ಡಬ್ಬ ಇಲ್ಲದೆ ಆಲಿವ್ ತೂಗಲೂ ಹೋಗಬೇಡಿ.

ನಿನ್ನೆ ಶಟರ್ ಅರ್ಧ ಇಳಿದ ಮೇಲೆ
ಜೇಬಿನ ಹಾಳೆ ತೆಗೆದು ತಟ್ಟೆಯ ಮೇಲಿಟ್ಟೆ.
ಏನೂ ತೋರಿಸಲಿಲ್ಲ. ಇಪ್ಪತ್ತು ಗ್ರಾಮಿಗಿಂತ ಕೆಳಗಿನದು
ಈ ಯಂತ್ರಕ್ಕೆ ಕಾಣುವುದಿಲ್ಲ.
ಗಾಳಿಗೆ ಹಾರದಿರಲೆಂದು ಮೇಲೆ ಅಂಗೈ ಊರಿದೆ.
ನಾನೂರ ಹತ್ತು, ನಾನೂರ ಮೂವತ್ತು,
ಕೈ ನಡುಗಿದ ಹಾಗೆ ಅಂಕಿಯೂ ನಡುಗುತ್ತಿತ್ತು.
ಕೋಡು ಒತ್ತಿರಲಿಲ್ಲವಲ್ಲ,
ಚೀಟಿ ಬರಲಿಲ್ಲ.